ಪುಟ್ಟಮಾದಮ್ಮನ ಕ್ರಿಯೆ

ಕವಲಂದೆಯ ಪ್ರಾರ್ಥನಾಲಯ ಮೊದಲು ರೇಷ್ಮೆಹುಳು ಸಾಕುತ್ತಿದ್ದ ಶೆಡ್ಡು. ಭಾನುವಾರ ಅಲ್ಲಿ ಮಾತಾಡುವವರು ಪಾಸ್ಟರು. ಉಳಿದವರು ‘ಆಮೆನ್’ ಅಂದರೆ ಮುಗಿಯಿತು. ಅಂಥದ್ದರಲ್ಲಿ ಪುಟ್ಟಮಾದಮ್ಮ ಪಾಸ್ಟರ ಪ್ರಸಂಗದ ನಡುವೆಯೇ ಎದ್ದು ನಿಂತುಬಿಟ್ಟಳು.

ಎಬ್ಬಿಸಿದ್ದು ಒಂದು ಪದ. ತಿ. ನರಸೀಪುರದ ಕಡೆಯಿಂದ ಹೊಸದಾಗಿ ಬಂದಿದ್ದ ಪಾಸ್ಟರ್ ಸೋಮಶೇಖರ್, “ಕ್ರಿಯೆಗಳಿಂದ ಯಾರಿಗೂ ರಕ್ಷಣೆಯಿಲ್ಲ! ನಂಬಿಕೆಯೊಂದರಿಂದಲೇ!” ಎಂದು ಮೇಜು ಕುಟ್ಟಿದ್ದರು. ಬೈಬಲ್ ಓದಿದವರಿಗೆ ಕ್ರಿಯೆಯೆಂದರೆ ಮಾಡಿದ ಒಳ್ಳೆಯ ಕೆಲಸ. ಪುಟ್ಟಮಾದಮ್ಮನ ಬೀದಿಯಲ್ಲಿ ಕ್ರಿಯೆಯೆಂದರೆ ಸತ್ತವರಿಗೆ ಮಾಡುವುದು. ಆ ಬೀದಿಯ ಹೆಣ ತೊಳೆಯುವವಳು ಅವಳೇ. ಕೊರೋನಾ ಕಾಲದಲ್ಲಂತೂ ಬೇರೆ ಬೀದಿಗಳಲ್ಲಿ ಅವಳಿಗೆ ಹೊಸ್ತಿಲು ತುಳಿಯಲು ಬಿಡದಿದ್ದವರೂ ಬಾಗಿಲು ತೆರೆದಿಟ್ಟು ದೂರ ನಿಂತಿದ್ದರು. ನಿನ್ನೆ ದೊಡ್ಡಸಿದ್ದಯ್ಯನನ್ನು ತೊಳೆದು ಬಂದಿದ್ದಳು. ಕುಡಿದಾಗಲೆಲ್ಲ ಇದೇ ಪ್ರಾರ್ಥನಾಲಯದ ಚಾವಣಿ ಶೀಟಿಗೆ ಕಲ್ಲು ತೂರುತ್ತಿದ್ದ ಪುಣ್ಯಾತ್ಮ ಅವನು.

“ಯಾಕ್ ಪಾಸ್ಟ್ರೇ ಸುತ್ತಾಕ್ಕೊಂಡ್ ಬತ್ತೀರಿ? ನೆಟ್ಗೆ ನನ್ನ ಎಸ್ರೇ ಏಳ್ಬುಡಿ,” ಎಂದಳು. “ಎಣ ತೊಳುದ್ರೆ ಮೋಕ್ಸ ಸಿಕ್ತದೆ ಅಂತ ನಾನ್ ಯಾವತ್ ಅಂದಿದ್ದೆ?”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಪಕ್ಕದ ಚಲುವಮ್ಮ ಸೆರಗು ಜಗ್ಗಿದಳು. “ಕುತ್ಕಳೇ! ಅದು ಬ್ಯಾರೆ ಕ್ರಿಯೆ ಕಣೇ!”

ಪಾಸ್ಟರು ನಗಲಿಲ್ಲ. “ಒಳ್ಳೇ ಕೆಲಸಗಳ ಬಗ್ಗೆ ಹೇಳಿದೆ ಅಮ್ಮಾ. ಎದ್ದಿದ್ದೀರಿ, ಕೇಳ್ತೀನಿ. ದೊಡ್ಡಸಿದ್ದಯ್ಯನ ಹಣೆಗೆ ವಿಭೂತಿ ಹಚ್ಚಿದ್ದು ಯಾರು?”

“ನಾನೇಯ. ದಿನಾ ಅಚ್ಕತಿದ್ದ. ಅವ್ನ ಅಣೆ, ಅವ್ನ ಬೂದಿ. ನಂದೇನ್ ಗಂಟೋಯ್ತು?”

ಈ ಸಲ ಯಾರೂ ನಗಲಿಲ್ಲ. ಅಂದು ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನ ಬೇರೆ. ತಿಂಗಳಿಗೊಮ್ಮೆ ಸಿಗುವ ಆ ರೊಟ್ಟಿಯ ಚೂರಿಗಾಗಿ ಪುಟ್ಟಮಾದಮ್ಮ ಬೆಳಿಗ್ಗೆಯಿಂದ ಕಾಫಿಯನ್ನೂ ಮುಟ್ಟಿರಲಿಲ್ಲ. ಊರನ್ನೆಲ್ಲ ತೊಳೆಯುವ ಅವಳಿಗೆ, ಆ ಚೂರು ಅಂಗೈಗೆ ಬಿದ್ದಾಗ ಮಾತ್ರ ಯಾರೋ ತನ್ನನ್ನೂ ತೊಳೆದ ಹಾಗಾಗುತ್ತಿತ್ತು.

ತಟ್ಟೆ ಹಿಡಿದು ಬಂದ ಪಾಸ್ಟರು ಅವಳ ಮುಂದೆ ನಿಂತರು. “ಸಭೆ ಮುಂದೆ ಎರಡು ಮಾತು ಹೇಳಿ, ಆಮೇಲೆ ತಗೊಳ್ಳಿ. ನನ್ನ ಕ್ರಿಯೆಯಿಂದ ನನಗೆ ರಕ್ಷಣೆ ಇಲ್ಲ ಅನ್ನಿ. ಇನ್ನು ವಿಭೂತಿ ಹಚ್ಚೋ ಆ ಮನೆಗಳಿಗೆ ಹೋಗಲ್ಲ ಅನ್ನಿ.”

“ಮೊದಲ್ನೇದು ಈಗ್ಲೇ ಏಳ್ತೀನಿ,” ಎಂದು ಅವಳು ಸಭೆಯತ್ತ ತಿರುಗಿದಳು. “ಕೇಳ್ರಪ್ಪಾ, ತೊಳ್ದಿದ್ಕೆ ನಾನು ಸ್ವರ್ಗ ಕೇಳಿಲ್ಲ, ಕೇಳಾಕೂ ಇಲ್ಲ. ಸತ್ತೋನು ಏನ್ ಕೊಟ್ಟಾನು?” ಮತ್ತೆ ಪಾಸ್ಟರ ಕಡೆ ನೋಡಿದಳು. “ಎರಡ್ನೇದು ಏಳಕಿಲ್ಲ.”

“ಹಾಗಾದ್ರೆ ಇವತ್ತು ನಿಮಗಿಲ್ಲ.”

ಮುಂದೆ ಕೂತಿದ್ದ ಸಭೆಯ ಹಿರಿಯ ಚನ್ನಯ್ಯ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ. “ಮೊದ್ಲು ಅವಳ್ಗೆ ಕೊಡಿ ಸಾ. ಇಷ್ಟ್ ಜನಕ್ಕೆ ಮಾಡವ್ಳೆ. ನಾಳೆ ನಾನ್ ಗೊಟಕ್ ಅಂದ್ರೆ ನೀವ್ ಬಂದ್ ತೊಳೀತೀರಾ?”

“ನೀನ್ ಸುಮ್ಕಿರು ಚನ್ನಯ್ಯಣ್ಣ!” ಪುಟ್ಟಮಾದಮ್ಮ ಅವನ ಮೇಲೂ ರೇಗಿದಳು. “ಮಾಡವ್ಳೆ ಅಂತ ಕೊಡ್ಸಕ್ ಬಂದ್ಯಾ? ಇದೇನ್ ಎಣ ತೊಳ್ದಿದ್ ಕೂಲಿಯಾ? ಯೇಸಪ್ಪ ಸುಮ್ಕೆ ಕೊಟ್ಟಿದ್ದು. ಸುಮ್ಕೆ ಕೊಟ್ರೆ ತಕ್ಕತೀನಿ.”

ಬಲಗೈ ಚಾಚಿದಳು. ಬೂದಿಯ ಗೆರೆ ಇನ್ನೂ ಉಗುರ ಸಂದಿಯಲ್ಲಿತ್ತು.

“ಪಾಸ್ಟ್ರೇ, ಮಾಡೋದ್ರಿಂದ ಏನೂ ಇಲ್ಲ ಅಂತ ಈಗ್ತಾನೆ ಮೇಜ್ ಕುಟ್ಟುದ್ರಿ. ಓಗ್ಬ್ಯಾಡ, ಮುಟ್ಬ್ಯಾಡ, ಆಮ್ಯಾಕ್ ಕೊಡ್ತೀನಿ ಅಂತೀರಿ. ಓಗ್ದೆ ಇರೋದೂ ಒಂದ್ ಕ್ರಿಯೆ ಅಲ್ವಾ?”

ಪಾಸ್ಟರು ತಟ್ಟೆಯನ್ನು ಪಕ್ಕದ ಚಲುವಮ್ಮನತ್ತ ಚಾಚಿದರು. ಚಲುವಮ್ಮ ಕೈ ಮಡಿಚಿ ಮಡಿಲಲ್ಲಿಟ್ಟುಕೊಂಡಳು. ಹಿಂದಿನ ಸಾಲಿನವರೂ ಇಟ್ಟುಕೊಂಡರು. ತಟ್ಟೆ ನಿಂತಲ್ಲೇ ನಿಂತಿತು.

“ಯೋಚ್ನೆ ಮಾಡಿ, ಅವಸ್ರ ಏನಿಲ್ಲ,” ಎಂದಳು ಪುಟ್ಟಮಾದಮ್ಮ. “ಕೈ ಮಾತ್ರ ಇಳ್ಸಕಿಲ್ಲ.”

ಎಡಗೈಯನ್ನು ಬಲ ಮೊಣಕೈಗೆ ಆನಿಸಿಕೊಂಡು ಹಾಗೇ ನಿಂತಳು.