ತಡವಾಗಿ ಬರುವ ಗಾಬರಿ

ಬೇರೆಯವರ ಹೃದಯ ಹಾಕಿಸಿಕೊಂಡು ಮೂರು ವರ್ಷವಾದರೂ ದರ್ಜಿಗೆ ಅದು ತನ್ನದೆನ್ನಿಸಿರಲಿಲ್ಲ. ಮಗಳು ಮೆಟ್ಟಿಲಿಂದ ಉರುಳಿದ ದಿನ ಅದು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಮಗು ಅತ್ತು, ಮೂಗು ಒರೆಸಿಕೊಂಡು, ಮತ್ತೆ ಆಟಕ್ಕೆ ಕೂತ ಮೇಲೆ ಎದೆ ಡವಡವ ಹೊಡೆದುಕೊಳ್ಳತೊಡಗಿತು, ಯಾರದೋ ಗಾಬರಿ ವಿಳಾಸ ತಪ್ಪಿ ಬಂದಂತೆ. ಅಂದಿನಿಂದ ಅವನು ಮಗಳನ್ನು ಎತ್ತಿಕೊಂಡಿರಲಿಲ್ಲ.

"ಇದಕ್ಕೆ ಅವಳ ಗುರುತಿಲ್ಲ ಅಕ್ಕಾ," ಅನ್ನುತ್ತಿದ್ದ.

ಅಕ್ಕನಿಗೆ ಹೃದಯದ ನರಗಳ ಪ್ರಯೋಗಾಲಯದಲ್ಲಿ ಕೆಲಸ. ಹೃದಯ ಬದಲಿಸುವಾಗ ನರಗಳು ಕತ್ತರಿಸಿಹೋಗುತ್ತವೆ. ಆಮೇಲೆ ಹೆದರಿಕೆ ರಕ್ತದ ಜೊತೆ ಸುತ್ತು ಹಾಕಿಕೊಂಡು ತಡವಾಗಿ ತಲುಪುತ್ತದೆ. ಕೆಲವರಲ್ಲಿ ವರ್ಷಗಳ ಮೇಲೆ ನರ ಮತ್ತೆ ಚಿಗುರುವುದುಂಟು. ಅದನ್ನು ತಿಳಿಯಲು ಮಂಚದ ಮೇಲೆ ಮಲಗಿಸಿ, ಹೇಳದೆ ಕೇಳದೆ ಗಂಟೆ ಬಾರಿಸುತ್ತಾರೆ. ಬಡಿತ ತಕ್ಷಣ ಏರಿದರೆ ನರ ಬಂದಿದೆಯೆಂದು ಅರ್ಥ.

"ಹೊಲಿಗೆ ಬಿಚ್ಚಿದೆ. ನೂಲು ಸಿಗುತ್ತಾ ನೋಡು," ಎನ್ನುತ್ತಾ ತಮ್ಮ ಮಲಗಿದ.

"ಪರದೆ ಹಿಂದೆ ಪಿಟ್ಟೆನ್ನಬೇಡಿ," ಎಂದು ಡಾಕ್ಟರಮ್ಮ ಅಕ್ಕನನ್ನು ಮೊದಲೇ ಎಚ್ಚರಿಸಿದ್ದರು. "ಪರೀಕ್ಷೆ ಕೆಟ್ಟರೆ ಇನ್ನಾರು ತಿಂಗಳು ಕಾಯಬೇಕು."

ಪರದೆಯ ಹಿಂದೆ ಅಕ್ಕನ ಬೆರಳು ಗಂಟೆಯ ಗುಂಡಿಯ ಮೇಲಿತ್ತು. ಕಾಗದದಲ್ಲಿ ಗೆರೆ ಖಾಲಿ ಮನೆಯ ಗಡಿಯಾರದಂತೆ ಸಮವಾಗಿ ಸಾಗಿತ್ತು. ಚಿಕ್ಕಂದಿನಲ್ಲಿ ಗುಡುಗಿದರೆ ಅಕ್ಕನ ಹೊದಿಕೆಯೊಳಗೆ ನುಗ್ಗುತ್ತಿದ್ದವನು ಇವನು. ಬೆಚ್ಚಿಬೀಳಿಸಲು ಕೈ ಬರಲಿಲ್ಲ.

"ಪುಟ್ಟಾ, ಹೆದರಬೇಡ ಕಣೋ," ಎಂದುಬಿಟ್ಟಳು.

ಗೆರೆಗಳು ತಟ್ಟನೆ ಒತ್ತೊತ್ತಾದವು. ಗುಂಡಿಯನ್ನು ಅವಳು ಒತ್ತಿಯೇ ಇರಲಿಲ್ಲ.

"ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ!" ಡಾಕ್ಟರಮ್ಮ ಕಾಗದ ಹರಿದುಕೊಂಡರು. ನೋಡುತ್ತ ನೋಡುತ್ತ ಅವರ ದನಿ ತಗ್ಗಿತು. "ನೀವು ಮಾತಾಡಿದ ಎರಡೇ ಬಡಿತಕ್ಕೆ ಏರಿದೆ. ಇದನ್ನ ವರದಿಗೆ ಬರೆಯೋ ಹಾಗಿಲ್ಲ. ತಮ್ಮನಿಗೆ ಹೇಳಿ, ಹೋಗಿ."

ಕೇಳಿದ ತಮ್ಮ ಬಹಳ ಹೊತ್ತು ಅಂಗಿಯ ಗುಂಡಿ ಹಾಕಲಿಲ್ಲ.

"ಓಗೊಟ್ಟಿದ್ದು ಯಾರಕ್ಕಾ? ನಾನಾ, ಅದಾ?"

"ನನಗೇನು ಗೊತ್ತೋ. ಕರೆದೆ, ಬಂತು."

ಸಂಜೆ ಮಗಳು ಎಂದಿನಂತೆ ಕೈ ಚಾಚಿದಳು. ಅವನು ಎತ್ತಿಕೊಂಡ, ಒಂದೇ ಕೈಯಲ್ಲಿ. ಇನ್ನೊಂದು ಕೈ ಎದೆಯ ಮೇಲೆಯೇ ಇತ್ತು, ಒಳಗೆ ಆಗಷ್ಟೇ ಕಣ್ಣು ಬಿಟ್ಟವರು ಯಾರೆಂದು ತಡವಿ ನೋಡುವಂತೆ.