ಹಗ್ಗದ ಆಚೆ ತುದಿ

ಅಂಬುಜಮ್ಮನ ಹೆಬ್ಬೆರಳಿನ ಉಗುರು ಬುಡದವರೆಗೆ ಸೀಳಿತು. ಗಂಟು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

"ಬುಡಿ ಅಮ್ಮಾರೆ, ಕುಡ್ಲು ತತ್ತೀನಿ, ಕುಯ್ದಾಕ್ಬುಡಾನ," ಎಂದ ಶಿವರಾಜು.

ಅವನು ಓಣಿಯಾಚೆಯ ಹೊನ್ನಕ್ಕನ ಮೈದುನ. ಅವಳು ತೀರಿಕೊಂಡ ಸುದ್ದಿ ಕೇಳಿದ ಕೂಡಲೇ ದುದ್ದದಿಂದ ಬೈಕು ಹತ್ತಿ ಬಂದಿದ್ದ. ಬಂದವನೇ ಅತ್ತಿಗೆಯ ಚಟ್ಟಕ್ಕೆ ಬಿದಿರು ಕಡಿಸಿ, ಹಗ್ಗ ಹುಡುಕಿಕೊಂಡು ಓಣಿ ದಾಟಿ ಈ ಹಿತ್ತಲಿಗೆ ಬಂದಿದ್ದ.

"ಬಟ್ಟೆ ಒಣಾಕೋ ಅಗ್ಗ ನಿಮ್ ಇತ್ತಲಲ್ಲೈತೆ ಅಂದ್ರು. ಅದೇ ಸಾಕು, ಗಟ್ಟಿ ಅಗ್ಗ."

"ಕುಯ್ಯಬೇಡ ಕಣಪ್ಪ. ಬಿಚ್ತೀನಿ ಇರು."

ಸೀಬೆಮರದ ಕೊಂಬೆಗೆ ಆ ಗಂಟು ಬಿಗಿದವಳು ಅವಳೇ, ಬೆಳಿಗ್ಗೆ ಆರೂವರೆಗೆ. ಕೋಪ ಬಂದಾಗ ಕೈಗೆ ಕಣ್ಣಿರುತ್ತದೆಯೇ? ಒಂದರ ಮೇಲೊಂದು ನಾಲ್ಕು ಸುತ್ತು ಸುತ್ತಿ ಎಳೆದಿದ್ದಳು. ಅದರ ಮೇಲೆ ಒದ್ದೆ ಬಟ್ಟೆಯ ಭಾರ ಬಿದ್ದು ಕಗ್ಗಂಟಾಗಿತ್ತು.

ಶಿವರಾಜು ಬಗ್ಗಿ ನೋಡಿದ. "ಇದು ನಮ್ಮತ್ಗೆ ಕಟ್ಟಿದ್ದಲ್ಲ ಬುಡಿ. ಅವ್ರು ಕಟ್ಟಿದ್ರೆ ಬಾಲ ಇಡ್ದು ಎಳುದ್ರೆ ಸಾಕು, ಸರ್ರನೆ ಬಿಚ್ಕಳದು. ಯಾರ್ ಕಟ್ಟಿದ್ರೋ ಇದ್ನ!"

ಅಂಬುಜಮ್ಮ ಸೀಳಿದ ಉಗುರನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಶಿವರಾಜು ಕುಡುಗೋಲು ತಂದು ಒಂದೇ ಏಟಿಗೆ ಕೊಯ್ದು, ಹಗ್ಗ ಸುರುಳಿ ಸುತ್ತಿಕೊಂಡು ಹೋದ.

*

ಹದಿನೆಂಟು ವರ್ಷದ ಹಿಂದೆ ಗಂಡ ತಿರುನಾರಾಯಣ ಗೊರೂರಿನ ನೀರಾವರಿ ಕಚೇರಿಗೆ ಗುಮಾಸ್ತನಾಗಿ ವರ್ಗವಾಗಿ ಬಂದಾಗ, ಅವರಿಗೆ ಸಿಕ್ಕಿದ ಕ್ವಾರ್ಟರ್ಸಿನ ಹಿತ್ತಲಲ್ಲಿ ಗೋಡೆಗೆ ಒಂದು ಕೊಕ್ಕೆ, ಮೊಣಕಾಲುದ್ದದ ಒಂದು ಸೀಬೆಗಿಡ, ಅಷ್ಟೇ ಇದ್ದದ್ದು. ಅಂಬುಜಮ್ಮ ಕೊಕ್ಕೆಯಿಂದ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಸೀರೆ ಹರವಿದಳು. ಹಗ್ಗ ಜೋತುಬಿದ್ದು ಸೀರೆಯಂಚು ಕೆಸರಿಗೆ ಇಳಿಯಿತು.

"ಅಮ್ಮಾರೆ, ನಿಮ್ ಸೀರೆ ನೆಲ ಗುಡುಸ್ತೈತೆ!"

ಓಣಿಯಾಚೆ, ಎದುರು ಸಾಲಿನ ಹಿತ್ತಲಲ್ಲಿ ನಿಂತು ಬಾಯ್ತುಂಬ ನಗುತ್ತಿದ್ದವಳು ಹೊನ್ನಕ್ಕ. ಗಂಡ ಹುಚ್ಚಯ್ಯ ತೀರಿಕೊಂಡ ಮೇಲೆ ಅವನ ಜವಾನಿಕೆ ಅವಳಿಗೆ ಬಂದಿತ್ತು. ಬೆಳಿಗ್ಗೆ ಕಚೇರಿಯ ಬೀಗ ತೆಗೆಯುವವಳು ಅವಳೇ, ಸಂಜೆ ಹಾಕುವವಳೂ ಅವಳೇ. ಆ ಸಂಬಳದಲ್ಲೇ ಮುಂದೆ ಮಗಳು ಯಶೋಧರಾಳನ್ನು ನರ್ಸಿಂಗ್ ಓದಿಸಿದಳು.

ಅವಳ ಹಿತ್ತಲಲ್ಲಿ ಕಬ್ಬಿಣದ ಕಂಬವಿತ್ತು. ಅಂದೇ ಹಗ್ಗದ ತುದಿಯನ್ನು ಓಣಿಯ ಮೇಲಿಂದ ಎಸೆದು ಪಾಠ ಶುರುಮಾಡಿದಳು. "ಕೊಕ್ಕೆಗೆ ಎಲ್ಡು ಸುತ್ತು ಸುತ್ತಿ. ತುದಿನ ಅಗ್ಗದ ಮ್ಯಾಲಾಸಿ ತಂದು ಒಳಿಕ್ ತೂರ್ಸಿ. ಇನ್ನೊಂದ್ಸಲ ಅಂಗೇ ತೂರ್ಸಿ. ಆಯ್ತು! ಮಿಕ್ಕಿದ್ದು ನಂದು."

ಮಿಕ್ಕಿದ್ದೇ ಬಿಗಿಯುವ ಕೆಲಸ. ಕಂಬಕ್ಕೆ ಒಂದು ಮಾರು ಈಚೆಗೆ ಹಗ್ಗದಲ್ಲೇ ಒಂದು ಕುಣಿಕೆ ಮಾಡುತ್ತಿದ್ದಳು. ತುದಿಯನ್ನು ಕಂಬ ಬಳಸಿ ತಂದು ಆ ಕುಣಿಕೆಯೊಳಗೆ ತೂರಿಸಿ, ಮೈಭಾರವನ್ನೆಲ್ಲ ಬಿಟ್ಟು ಹಿಂದಕ್ಕೆ ಜಗ್ಗಿ, ಬಾಲ ಮಡಚಿ ಸಿಕ್ಕಿಸಿಬಿಡುತ್ತಿದ್ದಳು. ಲಾರಿಯವರು ಲೋಡು ಬಿಗಿಯುವ ಗಂಟಂತೆ, ಹುಚ್ಚಯ್ಯ ಕಲಿಸಿದ್ದಂತೆ.

ರಾತ್ರಿ ಬಿಟ್ಟರೆ ಮಂಗಗಳು ಜೋತಾಡಿ ಹಾಳುಮಾಡುತ್ತಿದ್ದವು. ಹಾಗಾಗಿ ಸಂಜೆ ಬಿಚ್ಚುವುದು, ಬೆಳಿಗ್ಗೆ ಕಟ್ಟುವುದು. ಆರು ಗಂಟೆಗೆ ತುದಿ ಹಾರಿ ಬರುತ್ತಿತ್ತು. ಅಂಬುಜಮ್ಮ ಕಟ್ಟಿ ಎರಡು ಸಲ ಜಗ್ಗಿದರೆ "ಆಯಿತು" ಎಂದರ್ಥ. ಆಮೇಲೆ ಹಗ್ಗ ನೆಲ ಬಿಟ್ಟು ಮೇಲೇಳುತ್ತಿತ್ತು, ಬಿಗಿದು ನಿಲ್ಲುತ್ತಿತ್ತು. ಆಚೆ ಅರ್ಧ ಅವಳಿಗೆ, ಈಚೆ ಅರ್ಧ ಇವಳಿಗೆ. ಮಡಿಯ ಲೆಕ್ಕ ಹಿಡಿದರೆ ಆ ಹಗ್ಗಕ್ಕೆ ಬಟ್ಟೆ ಹಾಕುವುದೇ ತಪ್ಪು. ಬಿಸಿಲು ಗಾಳಿ ತಾಗಿದ ಮೇಲೆ ಎಲ್ಲಾ ಮಡಿಯೇ ಎಂದು ಅಂಬುಜಮ್ಮ ತನಗೆ ತಾನೇ ಒಂದು ಶಾಸ್ತ್ರ ಬರೆದುಕೊಂಡಿದ್ದಳು. ಅನುಕೂಲಕ್ಕೆ ತಕ್ಕ ಶಾಸ್ತ್ರ ಯಾರಿಗೆ ಬೇಡ?

ಎಂಟು ತಿಂಗಳ ಹಿಂದೆ ಅತ್ತೆಯ ಶ್ರಾದ್ಧಕ್ಕೆ ಬಂದ ಪುರೋಹಿತರು ಹಗ್ಗದ ಎರಡೂ ತುದಿ ನೋಡಿದರು. ಮುಖ ಹುಳ್ಳಗೆ ಮಾಡಿದರು. ಅಷ್ಟಕ್ಕೇ ಅಂಬುಜಮ್ಮ ಅರಿಶಿನದ ನೀರು ತಂದು, ಹೊನ್ನಕ್ಕ ನೋಡನೋಡುತ್ತಿದ್ದಂತೆ, ಹಗ್ಗವನ್ನು ಈ ತುದಿಯಿಂದ ಓಣಿಯ ನಡುವಿನವರೆಗೂ ತೊಳೆದಳು.

"ತೊಳ್ಕಳಿ ಅಮ್ಮಾರೆ," ಎಂದಳು ಹೊನ್ನಕ್ಕ. ಅದೇ ಕೊನೆಯ ಮಾತು.

ಮಾರನೆಯ ದಿನ ಆರು ಗಂಟೆಗೆ ತುದಿ ಮಾತ್ರ ಎಂದಿನಂತೆ ಹಾರಿ ಬಂತು. ಎಂಟು ತಿಂಗಳೂ ಬಂತು.

*

ಮಗಳು ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬಂದು, ಬಸ್ಸು ಬದಲಾಯಿಸಿ ಗೊರೂರು ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಯಶೋಧರಾ ಒಮ್ಮೆ ಅವ್ವನ ಎದೆಯ ಮೇಲೆ ಬಿದ್ದು ಚೀರಿದಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಸಿಕ್ಕಸಿಕ್ಕವರನ್ನೆಲ್ಲ ಒಂದೇ ಪ್ರಶ್ನೆ ಕೇಳತೊಡಗಿದಳು.

"ಎಷ್ಟೊತ್ತಿಗೆ ಬಿದ್ದಿದಾಳೆ? ಯಾರೂ ನೋಡ್ಲಿಲ್ವಾ?"

ಅಂಬುಜಮ್ಮ ಮುಂದಿನ ಗೇಟಿನ ಬಳಿ ನಿಂತಿದ್ದಳು. ಹದಿನೆಂಟು ವರ್ಷದಲ್ಲಿ ಆ ಗೇಟು ದಾಟಿದವಳಲ್ಲ. ಜಗುಲಿಯ ಮೇಲೆ ಚಾಪೆ, ಚಾಪೆಯ ಮೇಲೆ ಹೊನ್ನಕ್ಕ, ತಲೆಯ ಹಿಂದೆ ಬುದ್ಧನ ಪಟದ ಮುಂದೊಂದು ಮೇಣದಬತ್ತಿ. ನಿನ್ನೆ ಸಂಜೆ ಹಗ್ಗ ಬಿಚ್ಚಿಕೊಂಡು ಹೋದವಳು ಹೀಗೆ ಮಲಗುವುದೆಂದರೆ! ಕಣ್ಣೆದುರಿಗಿದ್ದರೂ ನಂಬಿಕೆ ಬರಲಿಲ್ಲ.

ಮೊದಲು ಕಂಡವನು ಕಚೇರಿಯ ರುದ್ರಯ್ಯ. ಅವನು ಅದನ್ನು ಹತ್ತನೆಯ ಸಲ ಹೇಳುತ್ತಿದ್ದ. "ಒಂಬತ್ತೂವರೆ ಆದ್ರೂ ಆಪೀಸ್ ಬೀಗ ತಗ್ದಿರ್ಲಿಲ್ಲ. ಯಾವತ್ತೂ ಇಂಗಾಗಿಲ್ವಲ್ಲ ಅಂತ ಇತ್ಲಾಸಿ ಬಂದೆ ಕಣವ್ವ. ಬಚ್ಚಲಲ್ಲಿ ನಲ್ಲಿ ಸುರೀತಿತ್ತು. ಬಿದ್ಬುಟ್ಟವ್ಳೆ. ಎಡಗೈಲಿ ಚೊಂಬು. ಬುಡ್ಸಕ್ಕೇ ಆಗ್ನಿಲ್ಲ. ಚೊಂಬಿನ ತಳ ಎಲ್ಲ ನೆಗ್ಗೋಗಿತ್ತು."

"ಎಡಗೈಲಾ?" ಎಂದಳು ಯಶೋಧರಾ.

"ಊ ಕಣವ್ವ."

ಅವಳು ಅಲ್ಲೇ ಕುಸಿದು ಕೂತಳು. "ಸ್ಟ್ರೋಕು. ಬಲಗೈ ಬಿದ್ದೋಗಿದೆ. ಬಾಯೂ ನಿಂತೋಗಿದೆ. ಕೂಗಕ್ಕಾಗ್ದೆ ಚೊಂಬು ಕುಟ್ಟಿದಾಳೆ ನಮ್ಮವ್ವ! ತಳ ನೆಗ್ಗೋವಷ್ಟು ಕುಟ್ಟಿದಾಳೆ. ಇಷ್ಟು ಮನೇಲಿ ಒಬ್ರಿಗೂ ಕೇಳಿಸ್ಲಿಲ್ವಾ?"

ಅಂಬುಜಮ್ಮ ಗೇಟಿನ ಸರಳನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು.

*

ಆವತ್ತು ಬೆಳಿಗ್ಗೆಯೂ ಆರಕ್ಕೆ ತುದಿ ಹಾರಿ ಬಂದಿತ್ತು. ಅಂಬುಜಮ್ಮ ತಲೆಗೆ ನೀರು ಹಾಕಿಕೊಂಡು ಬಂದು, ಕೊಕ್ಕೆಗೆ ಎರಡು ಸುತ್ತು ಸುತ್ತಿ, ತೂರಿಸಿ, ಎರಡು ಸಲ ಜಗ್ಗಿದಳು. ಹಗ್ಗ ಮೇಲೇಳಲಿಲ್ಲ. ಮತ್ತೆ ಜಗ್ಗಿದಳು. ಆಚೆ ತುದಿ ಹಿಡಿದವರೇ ಇಲ್ಲದಂತೆ ಹಗ್ಗ ಓಣಿಯ ಮಣ್ಣಿನ ಮೇಲೆ ಹರಿದು ಬಂತು.

ಎಂಟು ತಿಂಗಳ ಮೇಲೆ ಈಗ ಹಗ್ಗಕ್ಕೂ ಬಂತೇ ಮುನಿಸು? ಇವಳ ಜಂಬ ನೋಡು!

ಬಕೆಟ್ಟು ಇಟ್ಟು ದುರದುರನೆ ಓಣಿ ದಾಟಿ ಹೊನ್ನಕ್ಕನ ಹಿತ್ತಲ ಬಚ್ಚಲಿನವರೆಗೂ ಹೋದಳು. ಬಾಗಿಲು ಓರೆಯಾಗಿತ್ತು. ಒಳಗೆ ನಲ್ಲಿ ಸುರಿಯುತ್ತಿತ್ತು. ಕರೆಯೋಣವೆಂದು ಬಾಯಿ ತೆರೆದಳು. ನಾನೇ ಯಾಕೆ ಮೊದಲು ಮಾತಾಡಲಿ ಎಂದು ಮುಚ್ಚಿದಳು.

ಆಗ ಕೇಳಿಸಿತು. ಟಣ್. ಟಣ್. ಟಣ್.

ಓಹೋ, ಹೆಜ್ಜೆ ಸಪ್ಪಳ ಕೇಳಿ ಪಾತ್ರೆ ಕುಕ್ಕುತ್ತಿದ್ದಾಳೆ! ಬಂದದ್ದು ಗೊತ್ತಾಯಿತು, ತೊಲಗು ಅನ್ನುತ್ತಿದ್ದಾಳೆ! ಬಾಗಿಲು ತಳ್ಳಿ ನಾಲ್ಕು ಮಾತು ಅಂದೇಬಿಡೋಣ ಎಂದು ಕೈಯೆತ್ತಿದಳು. ಮೈಮೇಲೆ ಮಡಿಯ ಒದ್ದೆ ಸೀರೆ. ಒಳಗೆ ಕಾಲಿಟ್ಟರೆ ಮತ್ತೆ ಸ್ನಾನ. ಕೈ ಇಳಿಸಿದಳು. ತಿರುಗಿ ಬರುವಾಗ ಹಗ್ಗವನ್ನೆಲ್ಲ ಎಳೆದುಕೊಂಡು ಬಂದು ಸೀಬೆಮರಕ್ಕೆ ಬಿಗಿದಳು. ಬಟ್ಟೆ ಹರವಿ, ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು.

*

"ಅಂಬು, ನಡಿ," ಎಂದರು ತಿರುನಾರಾಯಣ, ಗೇಟಿನ ಬಳಿ ಬಂದು ಮೆಲುದನಿಯಲ್ಲಿ. "ನೋಡಿದ್ದಾಯಿತಲ್ಲ. ಹೋಗಿ ಸ್ನಾನ ಮಾಡೋಣ."

ಹೋಗಿಬಿಡಬಹುದಿತ್ತು. ಅವಳು ಬಚ್ಚಲವರೆಗೆ ಹೋದದ್ದನ್ನು ಕಂಡವರಿಲ್ಲ. ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗಂಡನಿಗೂ ತಿಳಿಯುವುದಿಲ್ಲ. ಯಶೋಧರಾ ಮಾತ್ರ ಬದುಕಿರುವಷ್ಟು ದಿನ ಎಷ್ಟೊತ್ತಿಗೆ, ಎಷ್ಟೊತ್ತಿಗೆ ಎಂದು ಕೇಳುತ್ತಲೇ ಇರುತ್ತಾಳೆ.

"ನೀವು ಹೋಗಿರಿ," ಎಂದು ಗೇಟು ದಾಟಿ ಒಳಗೆ ನಡೆದಳು.

ಹೆಂಗಸರು ಹೆಣವನ್ನು ಹಿತ್ತಲಿನ ಕಲ್ಲುಹಾಸಿನ ಮೇಲೆ ಮಲಗಿಸಿ, ಸುತ್ತ ಸೀರೆ ಮರೆಕಟ್ಟಿ, ಮೈತೊಳೆಯಲು ಅಣಿಮಾಡುತ್ತಿದ್ದರು. ಯಶೋಧರಾ ಒಲೆಯ ಮೇಲಿನ ಹಂಡೆಯಿಂದ ಬಕೆಟ್ಟಿಗೆ ನೀರು ಮೊಗೆಯುತ್ತಿದ್ದಳು.

"ಯಶೋ. ಆರೂಕಾಲಕ್ಕೆ."

"ಏನು ಆಂಟಿ?"

"ನಿಮ್ಮಮ್ಮ ಬಿದ್ದದ್ದು. ಆರಕ್ಕೆ ಹಗ್ಗ ಎಸೆದಿದ್ದಳು. ಆರೂಕಾಲಕ್ಕೆ ಎಳೆಯಲಿಲ್ಲ. ನಾನು ಬಚ್ಚಲ ಬಾಗಿಲವರೆಗೂ ಬಂದೆ ಕಣೇ. ಚೊಂಬಿನ ಸದ್ದು ನನಗೆ ಕೇಳಿಸಿತು. ಮೂರು ಸಲ." ಅಂಬುಜಮ್ಮ ಬಚ್ಚಲ ಬಾಗಿಲತ್ತ ಕೈತೋರಿದಳು. "ನನ್ನ ಮೇಲಿನ ಸಿಟ್ಟಿಗೆ ಕುಕ್ಕುತ್ತಿದ್ದಾಳೆ ಅಂದುಕೊಂಡೆ. ಮಡಿಯಲ್ಲಿದ್ದೆ. ಬಾಗಿಲು ತಳ್ಳಲಿಲ್ಲ."

ಮೊಗೆಯುತ್ತಿದ್ದ ಕೈ ನಿಂತಿತು.

"ಬಾಗ್ಲು ಹಾಕಿತ್ತಾ?"

"ಇಲ್ಲ. ಓರೆಯಾಗಿತ್ತು."

ಯಶೋಧರಾ ಅವಳನ್ನೇ ನೋಡಿದಳು. ಹೊಡೆಯಲಿ, ನಾಲ್ಕು ಜನರ ಮುಂದೆ ಕೂಗಿ ಹೇಳಲಿ, ಮುಖಕ್ಕೆ ಉಗಿಯಲಿ ಎಂದು ಅಂಬುಜಮ್ಮ ಕಾದು ನಿಂತಳು. ಏನೂ ಆಗದಿದ್ದಾಗ ತಾನೇ ಕೇಳಿದಳು. "ಆಗಲೇ ನೋಡಿದ್ದಿದ್ದರೆ ಉಳೀತಿದ್ದಳಾ?"

"ಗೊತ್ತಿಲ್ಲ ಆಂಟಿ. ಉಳೀತಿದ್ಲೋ ಇಲ್ವೋ." ಬಕೆಟ್ಟಿನ ಹಿಡಿಗೆ ಕೈಹಾಕಿದಳು. "ಒಬ್ಳೇ ಅಂತೂ ಇರ್ತಿರ್ಲಿಲ್ಲ."

ಬಕೆಟ್ಟು ಎತ್ತಿಕೊಂಡು ಎರಡು ಹೆಜ್ಜೆ ಹೋದಳು. ನಿಂತಳು. ತಿರುಗಿ ನೋಡದೆ ಹೇಳಿದಳು. "ಬನ್ನಿ. ತಲೆ ಎತ್ತಿ ಹಿಡಿಯಕ್ಕೆ ಒಬ್ರು ಬೇಕು."

ಮರೆಯೊಳಗೆ ಅಂಬುಜಮ್ಮನನ್ನು ಕಂಡು ಹೆಂಗಸರು ಕಕ್ಕಾಬಿಕ್ಕಿಯಾದರು. "ಅಯ್ಯೋ, ಅಮ್ಮಾರ್ಯಾಕವ್ವ? ನಾವಿಲ್ವಾ?" ಎಂದಳು ಒಬ್ಬ ಮುದುಕಿ.

"ಅವ್ರೇ ಹಿಡ್ಕೊತಾರೆ. ಜಾಗ ಬಿಡಿ," ಎಂದಳು ಯಶೋಧರಾ.

ಒದ್ದೆ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅಂಬುಜಮ್ಮ ಆ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಇಷ್ಟು ಭಾರವಿರುತ್ತದೆಂದು ಅಂದುಕೊಂಡಿರಲಿಲ್ಲ. ತುರುಬು ಬಿಚ್ಚಿ ನರೆಗೂದಲು ಅವಳ ಸೀರೆಯ ಮೇಲೆಲ್ಲ ಹರಡಿತು. ಓಣಿಯ ಕಡೆಯಿಂದ ತಿರುನಾರಾಯಣರು "ಅಂಬೂ" ಎಂದು ಕೂಗಿದರು. ಇನ್ನೊಂದು ಸಲ ಕೂಗಿದರು. ಅವಳು ಓಗೊಡಲಿಲ್ಲ.

ಯಶೋಧರಾ ಅವ್ವನ ನೆತ್ತಿಗೆ ಸೀಗೇಪುಡಿ ತಿಕ್ಕಿ, ನೀರು ಹುಯ್ದಳು. ಕಂದು ನೊರೆ ಹಣೆಯ ಮೇಲಿಂದ ಇಳಿಯತೊಡಗಿತು. ಅಂಬುಜಮ್ಮ ತಟ್ಟನೆ ಹೊನ್ನಕ್ಕನ ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದಳು.

"ಮೆಲ್ಲಗೆ ಹುಯ್ಯೇ," ಎಂದಳು. "ಕಣ್ಣಿಗೆ ಹೋಗತ್ತೆ."