ನೆನೆಯದ ರೀಡು

ಯೋಗೇಂದ್ರನ ಬಾಯಲ್ಲಿ ಕ್ಲಾರಿನೆಟ್ಟಿನ ರೀಡು ಇತ್ತು. ಹಾಗಾಗಿ ಯಾರು ಏನು ಕೇಳಿದರೂ ಬರೀ ತಲೆಯಾಡಿಸುತ್ತಿದ್ದ. ಜೊಂಡು ಸೀಳಿ ಮಾಡಿದ ಆ ತೆಳುಪಟ್ಟಿ ಎಂಜಲಲ್ಲಿ ಚೆನ್ನಾಗಿ ನೆನೆಯದೆ ನಾದ ಕೊಡುವುದಿಲ್ಲ. ಇವತ್ತೋ, ಅವನ ಬಾಯಿಯೇ ಒಣಗಿ ಹೋಗಿತ್ತು.

ನಡುಮನೆಯಲ್ಲಿ ಚಿಕ್ಕಬಸವಯ್ಯ ಮೇಷ್ಟ್ರನ್ನು ಮಲಗಿಸಿದ್ದರು. ಬನ್ನಿಮಂಟಪದ ಅರ್ಧ ಬ್ಯಾಂಡ್‌ಸೆಟ್ಟಿನವರಿಗೆ ಕ್ಲಾರಿನೆಟ್ ಹಿಡಿಯಲು ಕಲಿಸಿದವರು. ಹೆಣ ಎತ್ತುವ ಮುಂಚೆ ಶಿಷ್ಯನೊಬ್ಬ ಊದಬೇಕು, ಅದು ಅವರಲ್ಲಿ ನಡೆದುಬಂದದ್ದು. ಮದುವೆ ಕಾಲ, ಉಳಿದವರೆಲ್ಲ ಮೆರವಣಿಗೆಗಳಿಗೆ ಹೋಗಿದ್ದರು; ಬಂದಿದ್ದ ಶಿಷ್ಯ ಇವನೊಬ್ಬನೇ. ಅದೂ ಈ ಮನೆಯಿಂದ ಓಡಿಸಿಕೊಂಡವನು.

"ಬೇಗ ಆಗ್ಲಿ ಕಣಪ್ಪ, ಬಿಸಿಲೇರ್ತಾ ಅದೆ," ಎಂದರು ಪಕ್ಕದ ಮನೆಯ ರಾಮಯ್ಯ.

ಯೋಗೇಂದ್ರ ರೀಡು ಸಿಕ್ಕಿಸಿ ಊದಿ ನೋಡಿದ. ಕೀಂಯ್ ಎಂದಿತು. ಗುರುವಿನ ಮುಂದೆ, ಕೊನೇ ದಿನ, ಹೀಗಾ ಅನ್ನಿಸಿ ಅವನಿಗೆ ತಲೆಯೆತ್ತಲಾಗಲಿಲ್ಲ.

*

ಮೂರು ವರ್ಷದ ಹಿಂದಿನ ಮಾತು. ಮದುವೆ ಮೆರವಣಿಗೆಗಳ ಬಿಸಿಲಿಗೆ ಜೊಂಡಿನ ರೀಡು ಸೀಳಿಹೋಗುತ್ತಿತ್ತೆಂದು ಯೋಗೇಂದ್ರ ಪ್ಲಾಸ್ಟಿಕ್ಕಿನದು ಹಾಕಿಕೊಂಡು ಪಾಠಕ್ಕೆ ಬಂದಿದ್ದ. ಮೊದಲ ಸ್ವರಕ್ಕೇ ಮೇಷ್ಟ್ರು ಕಣ್ಣು ಬಿಟ್ಟರು.

"ಏನೋ ಅದು?"

"ಪ್ಲಾಸ್ಟಿಕ್ ರೀಡು ಮೇಷ್ಟ್ರೇ. ನೆನೆಸೋ ಕಾಟ ಇಲ್ಲ."

"ನೆನೀದೇ ಇರೋದು ನಾದ ಕೊಡ್ತದೇನೋ? ಅದ್ಕಿಂತ ಬಸ್ಸಿನ ಹಾರನ್ ವಾಸಿ! ಎದ್ದೋಗು ಇಲ್ಲಿಂದ."

ಗುರುವಿಗೆ ತಕ್ಕ ಶಿಷ್ಯ, ಇವನಿಗೂ ಮೂಗಿನ ತುದಿಯಲ್ಲೇ ಕೋಪ. ಎದ್ದು ಬಂದ. ಆಮೇಲೆ ದಿನಾ ಸಂಜೆ ಆ ಮನೆ ಮುಂದೆಯೇ ಸ್ಕೂಟರ್ ನಿಧಾನ ಮಾಡಿಕೊಂಡು ಹೋಗುತ್ತಿದ್ದ. ಮೊದಮೊದಲು ಕ್ಲಾರಿನೆಟ್ ಕೇಳಿಸುತ್ತಿತ್ತು, ಒಳಗೆ ಹೋಗಲು ಧೈರ್ಯವಿರಲಿಲ್ಲ. ಧೈರ್ಯ ಬರುವ ಹೊತ್ತಿಗೆ ಕೇಳಿಸುವುದೇ ನಿಂತಿತು. ಮುದುಕ ಊದುವುದನ್ನೇ ಬಿಟ್ಟ, ಇನ್ನು ಯಾವ ಮುಖ ಹೊತ್ತು ಹೋಗಲಿ ಅಂದುಕೊಂಡ.

*

ಮೇಷ್ಟ್ರ ಹೆಂಡತಿ ಪುಟ್ಟಲಿಂಗಮ್ಮ ಗಂಡನ ಕ್ಲಾರಿನೆಟ್ಟನ್ನೇ ತಂದು ಕೊಟ್ಟರು. "ಇದ್ರಲ್ಲಿ ಊದಪ್ಪ. ನೆನೆಸ್ಬೇಕಾಗಿಲ್ಲ."

ಯೋಗೇಂದ್ರ ತಿರುಗಿಸಿ ನೋಡಿದ. ಪ್ಲಾಸ್ಟಿಕ್ ರೀಡು.

"ಮಾತ್ರೆ ತಿಂದೂ ತಿಂದೂ ಅವರ ಬಾಯಿ ಒಣಗೋಗಿತ್ತು ಕಣಪ್ಪ. ಜೊಂಡಿಂದು ನೆನೀತಾನೇ ಇರ್ಲಿಲ್ಲ. ಆಮ್ಯಾಕೆ ಇದ್ರಲ್ಲೇ ಊದೋರು, ದಿನಾ ಸಂಜೆ."

"ದಿನಾನಾ? ನಂಗೊಂದು ದಿನಾನೂ ಕೇಳಿಸ್ಲಿಲ್ವಲ್ಲಮ್ಮ!"

"ಮೆತ್ತಗೆ ಊದೋರು," ಎಂದಷ್ಟೇ ಹೇಳಿ ಅವರು ಗಂಡನ ತಲೆಯ ಹತ್ತಿರ ಹೋಗಿ ಕೂತರು.

ಬುದ್ಧವಂದನೆ ಮುಗಿಯಿತು. ಯೋಗೇಂದ್ರ ಕ್ಲಾರಿನೆಟ್ ತುಟಿಗಿಟ್ಟ. ಮೊದಲ ಉಸಿರಿಗೇ ಸ್ವರ ಬಂತು. ಮೇಷ್ಟ್ರು ಅವನಿಗೆ ಹೇಳಿಕೊಟ್ಟ ಮುಖಾರಿ ರಾಗ. ಕಣ್ಣು ಮುಚ್ಚಿಕೊಂಡು ಊದಿದ.

ದಬ್ಬೆಂದು ಸದ್ದಾಯಿತು. ಪುಟ್ಟಲಿಂಗಮ್ಮ ಎದ್ದು ಬೀದಿ ಕಡೆಯ ಕಿಟಕಿ ಮುಚ್ಚಿದ್ದರು.

"ಇಷ್ಟು ಜನ ಸೇರವ್ರೆ, ಗಾಳಿ ಬ್ಯಾಡ್ವೇನಮ್ಮ?" ರಾಮಯ್ಯ ಕೇಳಿದರು.

"ಊದೋಕೆ ಕೂತಾಗೆಲ್ಲ, 'ಯೋಗೇಂದ್ರ ಹಾಯೋ ಹೊತ್ತಾಯ್ತು, ಪ್ಲಾಸ್ಟಿಕ್ ಅಂತ ಅವನಿಗೆ ತಿಳಿದ್ಬುಟ್ಟೀತು, ಮುಚ್ಚೇ' ಅಂತಿದ್ರು..."

ಹೇಳುತ್ತಾ ಹೇಳುತ್ತಾ ಅವರು ಹಿಂದಿರುಗಿ ನೋಡಿದರು. ಯೋಗೇಂದ್ರ ನಡುಮನೆಯಲ್ಲೇ ನಿಂತು ಊದುತ್ತಿದ್ದ. ಮುದುಕಿಯ ಕೈ ಚಿಲಕದ ಮೇಲೆ ಹಾಗೇ ಇತ್ತು.